ಫೆಬ್ರವರಿಯಲ್ಲಿ ಕಾಣುತ್ತಿದ್ದ ರೈಲು

ಊರಲ್ಲಿ ವಾಚ್‌ಮನ್ ಅಂದರೆ ಅಪಾರ್ಟ್‌ಮೆಂಟ್ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವವರು. ಇಲ್ಲಿ ಅಮೆರಿಕದ ರೈಲು ಹಳಿಯ ಮೇಲೆ ಕೆಲವು ದಿನ ನಾನೂ ವಾಚ್‌ಮನ್ನೇ. ಮಿಕ್ಕ ದಿನ ಸಿಗ್ನಲ್ ರಿಪೇರಿ. ವಾಚ್‌ಮನ್ ಆದ ದಿನ ಸ್ಪ್ಯಾನರ್ ಮುಟ್ಟುವ ಹಾಗಿಲ್ಲ, ಯಾರಿಗೂ ಕೈಜೋಡಿಸುವ ಹಾಗಿಲ್ಲ. ರೈಲು ಬರುತ್ತಾ ಅಂತ ನೋಡುತ್ತಿರಬೇಕು, ಕಂಡ ಕೂಡಲೇ ಹಾರ್ನ್ ಊದಬೇಕು. ಅಷ್ಟೇ ಕೆಲಸ.

ರೈಲು ಬಂದು ತಲುಪುವುದಕ್ಕೆ ಕನಿಷ್ಠ 15 ಸೆಕೆಂಡ್ ಮೊದಲೇ ಎಲ್ಲರೂ ಹಳಿ ಬಿಟ್ಟು ನಿಂತಿರಬೇಕು ಅನ್ನುವುದು ಕಾನೂನು. ನಾವಿದ್ದ ಕಡೆ ರೈಲಿನ ವೇಗ ಗಂಟೆಗೆ 80 ಮೈಲಿ, ಅಂದರೆ ಸೆಕೆಂಡಿಗೆ ಸುಮಾರು 36 ಮೀಟರ್. ಸಾಮಾನು ಎತ್ತಿಕೊಂಡು ಪಕ್ಕಕ್ಕೆ ಸರಿಯಲು ಇನ್ನೊಂದು 5 ಸೆಕೆಂಡ್ ಸೇರಿಸಿ. 700 ಮೀಟರ್‌ಗಿಂತ ಜಾಸ್ತಿ ದೂರದಲ್ಲೇ ರೈಲು ನನ್ನ ಕಣ್ಣಿಗೆ ಬೀಳಬೇಕು. ಬೀಳದ ಜಾಗದಲ್ಲಿ ವಾಚ್‌ಮನ್‌ನ ನಂಬಿಕೊಂಡು ಕೆಲಸ ಮಾಡುವಂತಿಲ್ಲ. ರೈಲುಗಳ ಓಡಾಟ ನೋಡಿಕೊಳ್ಳುವ ಡಿಸ್ಪ್ಯಾಚರ್‌ಗೆ ರೇಡಿಯೋದಲ್ಲಿ ಹೇಳಿ, ಆ ಹಳಿಗೆ ರೈಲು ಬಿಡದಂತೆ ಟೈಮ್ ತಗೋಬೇಕು. ಇದಕ್ಕೆ ಫೌಲ್ ಟೈಮ್ ಅಂತಾರೆ.

ಅವತ್ತು ನಾವು ಕೆಲಸಕ್ಕೆ ಹೋದ ತಿರುವಿನಲ್ಲಿ 750 ಮೀಟರ್ ಕಾಣುತ್ತೆ ಅಂತ ನಮ್ಮ ಕಾಗದದಲ್ಲಿತ್ತು. ಅಳೆದದ್ದು ಫೆಬ್ರವರಿಯಲ್ಲಿ. ಇಲ್ಲಿಯ ಚಳಿಗಾಲ ಗೊತ್ತಲ್ಲ, ಮರದಲ್ಲಿ ಒಂದು ಎಲೆ ಇರುವುದಿಲ್ಲ. ನಾವು ನಿಂತದ್ದು ಜೂನ್‌ನಲ್ಲಿ. ತಿರುವಿನ ಪಕ್ಕದ ಮೇಪಲ್ ಮರಗಳು ಹಸಿರು ಗೋಡೆಯ ಹಾಗೆ ಹಬ್ಬಿಕೊಂಡಿದ್ದವು.

ನನಗೆ ಬೆಳಿಗ್ಗೆಯೇ ಅನುಮಾನ ಬಂದಿತ್ತು. ಆದರೆ ಹತ್ತು ನಿಮಿಷದ ಕೆಲಸ. ಫೌಲ್ ಟೈಮ್ ಕೇಳಿದರೆ ಅರ್ಧ ಗಂಟೆ ಕಾಯಬೇಕಾಗಬಹುದು. ಕಾಗದದಲ್ಲಿ ಸರಿ ಅಂತಿದೆಯಲ್ಲ ಅಂದುಕೊಂಡು ಸುಮ್ಮನಾದೆ.

ಹಸಿರಿನ ಒಳಗಿಂದ ಎಂಜಿನ್ ಮೂತಿ ಹೊರಬಂತು. ಊದಿದೆ. ಹಳಿಯ ಮೇಲೆ ಕೆಲಸ ಮಾಡುತ್ತಿದ್ದ ಇಬ್ಬರೂ ಆಚೆ ಜಿಗಿದರು. ಅವರು ನಿಂತ ಮೇಲೆ ನಾನು ಮನಸ್ಸಲ್ಲೇ ಎಣಿಸಿದೆ, ಏಳಕ್ಕೆ ರೈಲು ದಾಟಿತು. ಚಾಲಕ ಉದ್ದಕ್ಕೆ ಹಾರ್ನ್ ಹೊಡೆದು ಹೋಗೇಬಿಟ್ಟ. ಯಾರಿಗೂ ಒಂದು ಗೀರೂ ಇಲ್ಲ. ಊಟದ ಹೊತ್ತಿನಲ್ಲಿ ಫೋರ್‌ಮನ್ ಅಂದರು, "ಏನೂ ಆಗಿಲ್ವಲ್ಲ, ಬಿಡಿ."

ಏನೂ ಆಗದಿದ್ದರಿಂದಲೇ ಅದು ನಮ್ಮ ನಾಲ್ವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಮೇಲಿನವರಿಗೆ ಹೇಳಿದರೆ ಮೊದಲು ನನ್ನ ಮೇಲೆ ವಿಚಾರಣೆ, ಆಮೇಲೆ ಫೋರ್‌ಮನ್ ಮೇಲೆ. ಹೇಳದಿದ್ದರೆ ಅದೇ ಕಾಗದ ಹಿಡಿದು ಮುಂದಿನ ವಾರ ಇನ್ನೊಂದು ತಂಡ ಅಲ್ಲೇ ನಿಲ್ಲುತ್ತೆ.

ಅವತ್ತು ರಾತ್ರಿ ಸಿ3ಆರ್‌ಎಸ್ ಫಾರ್ಮ್ ತುಂಬಿದೆ. ಸ್ವಲ್ಪದರಲ್ಲಿ ತಪ್ಪಿದ ಅಪಾಯಗಳನ್ನು ಗುಟ್ಟಾಗಿ ತಿಳಿಸುವ ಫಾರ್ಮ್ ಅದು. ರೈಲು ಕಂಪನಿ, ಯೂನಿಯನ್, ಸರ್ಕಾರದ ರೈಲು ಸುರಕ್ಷತಾ ಇಲಾಖೆ ಮೂವರೂ ಒಪ್ಪಂದ ಮಾಡಿಕೊಂಡ ಕಡೆ ಈ ವ್ಯವಸ್ಥೆ ಇದೆ. ಫಾರ್ಮ್ ಹೋಗುವುದು ಕಂಪನಿಗಲ್ಲ, ನಾಸಾಕ್ಕೆ! ರಾಕೆಟ್ ಬಿಡುವವರಿಗೆ ನಮ್ಮ ಮೇಪಲ್ ಮರದ ಕಥೆ ಯಾಕೆ ಅಂತ ನನಗೂ ನಗು ಬಂದಿತ್ತು.

ಅದಕ್ಕೊಂದು ಹಿನ್ನೆಲೆ ಇದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಕಡೆ ಇಳಿಯುತ್ತಿದ್ದ ವಿಮಾನವೊಂದು ವರ್ಜೀನಿಯಾದ ಬೆಟ್ಟಕ್ಕೆ ಬಡಿದು 92 ಜನರೂ ಸತ್ತರು. ಸುಮಾರು ಆರು ವಾರ ಮೊದಲು ಬೇರೆ ಕಂಪನಿಯ ಪೈಲಟ್‌ಗಳು ಅಲ್ಲೇ, ಅದೇ ರೀತಿ ತಪ್ಪು ತಿಳಿದು ಬೇಗ ಕೆಳಗಿಳಿದು, ಕೂದಲೆಳೆಯಲ್ಲಿ ಪಾರಾಗಿದ್ದರು. ಅವರು ತಮ್ಮ ಕಂಪನಿಗೆ ಹೇಳಿದರು. ಮಾತು ಆ ಕಂಪನಿಯೊಳಗೇ ಉಳಿಯಿತು. ಲೈಸೆನ್ಸ್ ಕಿತ್ತುಕೊಳ್ಳುವ ಇಲಾಖೆಗೇ ಪೈಲಟ್‌ಗಳು ತಪ್ಪು ಒಪ್ಪಿಕೊಳ್ಳುವುದಿಲ್ಲ ಅಂತ, 1976ರಲ್ಲಿ ಯಾರನ್ನೂ ಶಿಕ್ಷಿಸುವ ಅಧಿಕಾರವಿಲ್ಲದ ನಾಸಾಕ್ಕೆ ಆ ಕೆಲಸ ಒಪ್ಪಿಸಿದರು. ಅದೇ ಮಾದರಿ ಆಮೇಲೆ ರೈಲಿಗೂ ಬಂತು.

ಕೆಲವು ದಿನದ ಮೇಲೆ ನಾಸಾದಿಂದ ಒಬ್ಬ ಹೆಂಗಸಿನ ಫೋನ್ ಬಂತು. ಫೋರ್‌ಮನ್ ಯಾರು ಅಂತ ಆಕೆ ಕೇಳಲೇ ಇಲ್ಲ. "ದೂರ ಅಳೆದದ್ದು ಯಾವ ತಿಂಗಳು?" ಅಂತ ಎರಡು ಸಲ ಕೇಳಿದರು. ಆಮೇಲೆ ನನ್ನ ಹೆಸರು, ವಿಳಾಸ ಇದ್ದ ಕಾಗದದ ತುಂಡನ್ನು ವರದಿಯಿಂದ ಬೇರೆ ಮಾಡಿ ಅಂಚೆಯಲ್ಲಿ ನನಗೇ ವಾಪಸ್ ಕಳಿಸಿದರು. ಅವರ ಹತ್ತಿರ ನನ್ನ ಹೆಸರು ಉಳಿಯುವುದಿಲ್ಲ.

ಅಪ್ಪ ಅರಸೀಕೆರೆ ಕಡೆ ಕೀಮ್ಯಾನ್ ಆಗಿದ್ದವರು, ದಿನಾ ಹಳಿ ಮೇಲೆ ನಡೆದವರು. ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಹೆಸರು ಯಾಕೋ ಬರೆದೆ?" ವಾಪಸ್ ಬಂತಪ್ಪ ಅಂದರೂ ನಂಬಲಿಲ್ಲ.

ಹೀಗೆ ವರದಿ ಮಾಡಿದವರಿಗೆ ಶಿಕ್ಷೆ ಇಲ್ಲ ಅನ್ನುವ ರಕ್ಷಣೆ ಎಲ್ಲದಕ್ಕೂ ಸಿಗುವುದಿಲ್ಲ. ಅಪಘಾತ ಆಗಿದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ, ಬೇಕಂತಲೇ ಮಾಡಿದ್ದರೆ ಇಲ್ಲ. ಎಲ್ಲ ಕಂಪನಿಗಳೂ ಇದರಲ್ಲಿಲ್ಲ. 2007ರಲ್ಲಿ ಪ್ರಯೋಗ ಶುರುವಾದದ್ದು ನೆಬ್ರಾಸ್ಕಾದ ನಾರ್ತ್ ಪ್ಲಾಟ್‌ನ ದೊಡ್ಡ ಗೂಡ್ಸ್ ಯಾರ್ಡಿನಲ್ಲೇ. ಆದರೂ ದೊಡ್ಡ ಗೂಡ್ಸ್ ಕಂಪನಿಗಳು ಆಮೇಲೆ ಹೊರಗೇ ಉಳಿದವು. 2023ರ ಫೆಬ್ರವರಿಯಲ್ಲಿ ಒಹಾಯೊದ ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ ರಾಸಾಯನಿಕ ತುಂಬಿದ ರೈಲು ಹಳಿ ತಪ್ಪಿದ ಮೇಲೆ ಸೇರುತ್ತೇವೆ ಅಂದವು. ಶಿಕ್ಷೆಯ ಷರತ್ತಿನ ಮೇಲೆ ಜಗ್ಗಾಟ ನಡೆದು, ಮೊದಲನೆಯದು ಸೇರಿದ್ದು 2024ರಲ್ಲಿ.

ನಮ್ಮಲ್ಲಿ ತಿಂಗಳುಗಟ್ಟಲೆ ಏನೂ ಸುದ್ದಿ ಇರಲಿಲ್ಲ. ಹೆಸರು, ಗುರುತು ತೆಗೆದ ವರದಿಯನ್ನು ಕಂಪನಿ, ಯೂನಿಯನ್, ಇಲಾಖೆಯ ಜನ ಒಟ್ಟಿಗೆ ಕೂತು ಓದುತ್ತಾರೆ. ಅದು ನಿಧಾನ. ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ: ದೂರದ ಅಳತೆ ಎಲೆ ಇರುವಾಗ ಬೇರೆ, ಇಲ್ಲದಾಗ ಬೇರೆ ತೆಗೆಯಬೇಕು, ಕೆಲವು ತಿರುವುಗಳಲ್ಲಿ ವರ್ಷಪೂರ್ತಿ ಫೌಲ್ ಟೈಮ್ ಕಡ್ಡಾಯ. ನಮ್ಮ ತಿರುವೂ ಆ ಪಟ್ಟಿಯಲ್ಲಿತ್ತು.

ನವೆಂಬರ್‌ನಲ್ಲಿ ಮತ್ತೆ ಅಲ್ಲಿಗೆ ಹೋದೆವು. ಎಲೆಯೆಲ್ಲ ಉದುರಿತ್ತು. ಹೊಸದಾಗಿ ಸೇರಿದ ಹುಡುಗ ತಿರುವಿನ ಆಚೆಗೆ ಕೈ ತೋರಿಸಿ ಕೇಳಿದ, "ಅಷ್ಟು ದೂರ ಕಾಣ್ತಿದೆಯಲ್ಲ, ಯಾಕೆ ಕಾಯಬೇಕು?" ಫೋರ್‌ಮನ್ ನನ್ನ ಕಡೆ ಒಮ್ಮೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರೇ ರೇಡಿಯೋ ತೆಗೆದು ಫೌಲ್ ಟೈಮ್ ಕೇಳಿದರು. ನಲವತ್ತು ನಿಮಿಷ ಕಾದೆವು.