ಅಜ್ಜಿಯ ಹತ್ತು ಪದ, ಮೊಮ್ಮಗನ ಬೆಲ್ಟ್ ಲೂಪ್

ಅಮೆರಿಕದ ಕಬ್ ಸ್ಕೌಟ್, ಅಂದರೆ ಸ್ಕೌಟ್ ಸಂಸ್ಥೆಯ ಚಿಕ್ಕವರ ವಿಭಾಗದ ಮಕ್ಕಳಿಗೆ ಆಗ ಬೆಲ್ಟ್ ಲೂಪ್ ಅಂತ ಕೊಡುತ್ತಿದ್ದರು. ಸಮವಸ್ತ್ರದ ನೀಲಿ ಬೆಲ್ಟಿಗೆ ಪೋಣಿಸುವ ಪುಟ್ಟ ಲೋಹದ ಪಟ್ಟಿ. ಚೆಸ್, ಖಗೋಳ, ಈಜು, ಗೋಲಿಯಾಟ, ಹೀಗೆ ಓದಿಗೊಂದಿಷ್ಟು, ಆಟಕ್ಕೊಂದಿಷ್ಟು. ಒಂದೊಂದಕ್ಕೂ ಮೂರೇ ಕೆಲಸ. ಚೆಸ್ ಆದರೆ ಕಾಯಿಗಳನ್ನು ಗುರುತಿಸಿ ಜೋಡಿಸಬೇಕು, ಅವುಗಳ ನಡೆ ತೋರಿಸಬೇಕು, ಒಂದಾಟ ಆಡಬೇಕು. ಗೆಲ್ಲಲೇಬೇಕು ಅಂತಿಲ್ಲ. ನನಗೆ ಹಿಡಿಸಿದ್ದೇ ಅದು. ಶಾಲೆಯಲ್ಲೂ ಮೈದಾನದಲ್ಲೂ ಯಾರು ಮುಂದೆ, ಯಾರು ಹಿಂದೆ ಅನ್ನೋದೇ ಆದರೆ, ಹೊಸದೊಂದಕ್ಕೆ ಕೈ ಹಾಕೋ ಧೈರ್ಯ ಮಕ್ಕಳಿಗೆ ಎಲ್ಲಿಂದ ಬರಬೇಕು?

2013ರ ಬೇಸಿಗೆಯಲ್ಲಿ ಹಾಸನದಿಂದ ನಮ್ಮತ್ತೆ ನ್ಯೂಜೆರ್ಸಿಗೆ ಬಂದಿದ್ದರು. ಮಗ ಆರಿಸಿಕೊಂಡಿದ್ದು ‘ಭಾಷೆ ಮತ್ತು ಸಂಸ್ಕೃತಿ’ಯ ಲೂಪ್. ಬೇರೆ ದೇಶದಲ್ಲಿ ಬೆಳೆದವರ ಜೊತೆ ಮಾತಾಡಿ ಅವರ ಬಾಲ್ಯ ಹೇಗಿತ್ತು ಅಂತ ತಿಳಿಯಬೇಕು. ಬೇರೆ ಭಾಷೆಯ ಹತ್ತು ಪದ ಕಲಿಯಬೇಕು. ಬೇರೆ ನಾಡಿನ ಎರಡು ಆಟ ಆಡಬೇಕು.

“ಅಜ್ಜಿ, ನೀನು ಬೇರೆ ದೇಶದಲ್ಲಿ ಬೆಳೆದವಳಲ್ವಾ?” ಅಂತ ನೋಟ್‌ಬುಕ್ ಹಿಡಿದು ಕೂತ.

“ಹೌದು ಪುಟ್ಟ, ಕೇಳು ಏನು ಬೇಕೋ.”

ಅವನಿಗೆ ಅಮ್ಮ, ಅನ್ನ, ಮೊಸರು ಎಲ್ಲ ಮೊದಲೇ ಗೊತ್ತಿತ್ತು. ಅತ್ತೆ ಅವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರು ಕೊಟ್ಟ ಹತ್ತೂ ಪದ ಅವರ ತವರುಮನೆಯವು: ಒರಳು, ಕಡಗೋಲು, ನೆಲುವು, ಹಂಡೆ, ಸೌದೆ, ಬಚ್ಚಲು, ಜಗಲಿ, ಕಣಜ, ಹಗೇವು, ಬೀಸೋಕಲ್ಲು. ಒರಳಿನ ‘ಳು’ ಅವನಿಗೆ ಬರಲೇ ಇಲ್ಲ. “ನಾಲಿಗೆ ಹಿಂದಕ್ಕೆ ಮಡಿಸು,” ಅಂತ ಅತ್ತೆ ಬಾಯಿ ತೆರೆದು ತೋರಿಸಿದರು. ಅವನೂ ಬಗ್ಗಿ ಬಾಯೊಳಗೆ ನೋಡಿದ. ಒಂದೊಂದು ಪದಕ್ಕೂ ಒಂದೊಂದು ಕಥೆ. ಬೆಕ್ಕಿಗೆ ಸಿಗದ ಹಾಗೆ ನೆಲುವಿನಲ್ಲಿ ಬೆಣ್ಣೆ ಇಡುತ್ತಿದ್ದದ್ದು, ಬೆಳಗಾಗೆದ್ದು ಹಂಡೆಗೆ ನೀರು ಸೇದಿ ತುಂಬಿಸುತ್ತಿದ್ದದ್ದು. ಮದುವೆಯಾಗಿ ಇಷ್ಟು ವರ್ಷವಾದರೂ ಇವೆಲ್ಲ ನನಗೇ ಗೊತ್ತಿರಲಿಲ್ಲ. ಸೊಸೆ ಕೂತು ಕೇಳುವ ಪ್ರಶ್ನೆಗಳಲ್ಲ ಅವು, ಮೊಮ್ಮಗ ಕೇಳಬಹುದು.

ಆಟಕ್ಕೆ ಮೊದಲು ಚೌಕಾಬಾರ. ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದಾಯಿತು. ಕವಡೆ ಎಲ್ಲಿ? ಅತ್ತೆ ನಾಲ್ಕು ಪಿಸ್ತಾ ಸಿಪ್ಪೆ ಆರಿಸಿ, ಅಂಗೈಯಲ್ಲಿ ಕುಲುಕಿ ಹಾಕಿದರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಮೊಮ್ಮಗ ಅಂತ ದಯೆ ಇಲ್ಲ, ಅವನ ಕಾಯಿಗಳನ್ನು ಸರಿಯಾಗಿ ಹೊಡೆದರು. ಆಮೇಲೆ ಅಳಗುಳಿ ಮಣೆ. ಡಜನ್ ಮೊಟ್ಟೆಯ ಡಬ್ಬದಲ್ಲಿ ಸಾಲಿಗೆ ಆರೇ ಗುಳಿ. ಏಳನೆಯದಕ್ಕೆ ಅಂತ ಎರಡೂ ಸಾಲಿಗೆ ಒಂದೊಂದು ಬಟ್ಟಲು ಸೇರಿಸಿದೆವು. ಹುಣಸೆ ಬೀಜದ ಬದಲು ರಾಜ್ಮಾ.

ತಿಂಗಳ ಸಭೆಯಲ್ಲಿ ಲೂಪ್ ಕೊಟ್ಟರು. ಇನ್ನಷ್ಟು ಕೆಲಸ ಮಾಡಿದರೆ ಅದೇ ವಿಷಯದಲ್ಲಿ ಪಿನ್ ಕೂಡ ಇತ್ತು. ಮನೆಗೆ ಬಂದವನೇ ಅದರ ಪಟ್ಟಿ ತೆಗೆದು ಕೂತ. ಬೇರೆ ಲಿಪಿಯಲ್ಲಿ ಅಂಕಿ ಬರೆಯೋದೂ ಅದರಲ್ಲಿತ್ತು. ಅತ್ತೆ ೧ರಿಂದ ೧೦ರವರೆಗೆ ತಿದ್ದಿಸಿದರು. ೬, ೭, ೯ ಅವನಿಗೆ ಬಹಳ ದಿನ ಗೋಜಲಾಗಿಯೇ ಇದ್ದವು.

2015ರಲ್ಲಿ ಕಬ್ ಸ್ಕೌಟ್ ಪಠ್ಯ ಬದಲಾಯಿತು, ಬೆಲ್ಟ್ ಲೂಪುಗಳ ಈ ಇಡೀ ಯೋಜನೆಯೇ ನಿಂತಿತು. ಹೊಸ ಪಠ್ಯದಲ್ಲೂ ಒಳ್ಳೆಯ ಸಂಗತಿಗಳಿವೆ, ಇಲ್ಲ ಅನ್ನಲ್ಲ. ಆದರೆ ಮಗುವೇ ತನ್ನಿಷ್ಟದ ವಿಷಯ ಆರಿಸಿಕೊಂಡು, ಮನೆಯ ಹಿರಿಯರ ಜೊತೆ ಕೂತು ಮುಗಿಸಬಹುದಾಗಿದ್ದ ಇಂಥದ್ದನ್ನು ಕೈಬಿಡಬಾರದಿತ್ತು ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. 2018ರಲ್ಲಿ ಹುಡುಗಿಯರಿಗೂ ಕಬ್ ಸ್ಕೌಟ್ ತೆರೆದಾಗ ಮಗಳನ್ನು ಸೇರಿಸಿದೆ. ಅವಳಿಗೆ ಲೂಪ್ ಸಿಗುವ ಹಾಗಿರಲಿಲ್ಲ. ಆದರೂ ಆ ಮೂರು ಕೆಲಸ ಮಾಡಿಸಿದೆ, ವಾಟ್ಸಾಪ್ ವಿಡಿಯೋದಲ್ಲಿ, ಅವಳಜ್ಜಿಯ ಜೊತೆಗೇ. ಅವಳಿಗೆ ಅಂತ ಅತ್ತೆ ಬೇರೆಯೇ ಹತ್ತು ಪದ ಆರಿಸಿಟ್ಟಿದ್ದರು.