ಮನೆ ನೆನಪು ಎಷ್ಟು ಗಂಟೆಗೆ ಬರುತ್ತೆ?

ಹಾಸ್ಟೆಲ್ ಸೇರಿದ ಹೊಸತರಲ್ಲಿ ಮನೆ ನೆನಪು ಇಡೀ ದಿನ ಕಾಡುತ್ತಿದೆ ಅನ್ನಿಸುತ್ತದೆ. ಒಂದು ವಾರ, ಹೊಟ್ಟೆ ಕಿವುಚಿದಂತಾದಾಗೆಲ್ಲ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗಂಟೆ ಬರೆದಿಟ್ಟು ನೋಡಿ. ಬಹಳ ಜನಕ್ಕೆ ಅದು ಎರಡು ಮೂರು ಹೊತ್ತಿಗೆ ಮಾತ್ರ ಬರುತ್ತದೆ: ಕ್ಲಾಸ್ ಬಿಟ್ಟ ಮೇಲೆ ಊಟದವರೆಗೆ, ಭಾನುವಾರ ಮಧ್ಯಾಹ್ನ, ಕೆಲವರಿಗೆ ಬೆಳಿಗ್ಗೆ ಎದ್ದ ಕೂಡಲೇ. ಒಂದೊಂದು ಹೊತ್ತಿಗೆ ಮದ್ದು ಬೇರೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಎಂಜಿನಿಯರಿಂಗ್ ಓದಲು ಬರುವವರನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಉಳಿದವರು ರೊಟ್ಟಿ ಇದ್ದಲ್ಲಿ ಕಡುಬೋ ಮುದ್ದೆಯೋ ಹಾಕಿಕೊಂಡು ಓದಿ.

ಸಂಜೆ ಐದೂವರೆಯಿಂದ ಎಂಟರವರೆಗಿನ ಹೊತ್ತು ಎಲ್ಲಕ್ಕಿಂತ ಕಷ್ಟ. ದಣಿವು, ಹಸಿವು ಎರಡೂ ಇರುತ್ತವೆ, ಮಾಡಲು ಕೆಲಸ ಇರುವುದಿಲ್ಲ. ಕ್ಲಾಸ್ ಮುಗಿಸಿ ಬಂದವರು ಮಂಚಕ್ಕೆ ಒರಗಿ ಫೋನ್ ಹಿಡಿದರೆ ಮುಗಿಯಿತು, ಏಳುವಷ್ಟರಲ್ಲಿ ಕತ್ತಲಾಗಿ ಅಳು ಗಂಟಲಿಗೆ ಬಂದಿರುತ್ತದೆ. ಬ್ಯಾಗ್ ಇಟ್ಟು, ಮುಖ ತೊಳೆದು, ಅಂಗಿ ಬದಲಿಸಿ, ಏನಾದರೂ ತಿಂದು ಹತ್ತು ನಿಮಿಷದಲ್ಲಿ ರೂಮಿನಿಂದ ಹೊರಬೀಳಿ. ವಾಲಿಬಾಲ್, ಎನ್‌ಎಸ್‌ಎಸ್ (ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ), ಲೈಬ್ರರಿ, ಯಾವುದಾದರೂ ಸರಿ, ಆದರೆ ವಾರ ಮತ್ತು ಗಂಟೆ ಗೊತ್ತುಪಡಿಸಿದ್ದಿರಲಿ. ‘ಮನಸ್ಸಾದಾಗ ಹೋಗೋಣ’ ಅಂದುಕೊಂಡರೆ ಆ ಹೊತ್ತಿಗೆ ಮನಸ್ಸು ಆಗುವುದೇ ಇಲ್ಲ.

ಮನೆಗೆ ಫೋನ್ ಮಾಡುವುದನ್ನೂ ಈ ಹೊತ್ತಿನಿಂದ ಆಚೆ ತಳ್ಳಿ. ಆರೂವರೆಗೆ ಮಾಡಿದರೆ ‘ಊಟ ಆಯ್ತೇನ?’ ಅಂದ ಕೂಡಲೇ ದನಿ ಒಡೆಯುತ್ತದೆ. ಅವ್ವ ಗಾಬರಿಯಾಗುತ್ತಾಳೆ, ಅರ್ಧ ಗಂಟೆಗೆ ಅಪ್ಪ ಮಾಡುತ್ತಾರೆ, ಆಮೇಲೆ ಅಕ್ಕ. ಮೂರು ಕಾಲ್ ಮುಗಿಯುವಷ್ಟರಲ್ಲಿ ಮೆಸ್ ಬಾಗಿಲು ಹಾಕಿರುತ್ತದೆ. ಊಟ ಮುಗಿಸಿ ಎಂಟೂವರೆ ಸುಮಾರಿಗೆ, ದಿನಕ್ಕೊಂದೇ ಸಲ, ಹತ್ತು ಹದಿನೈದು ನಿಮಿಷ ಮಾತಾಡಿದರೆ ಸಾಕು. ಅವತ್ತು ನಡೆದ ಒಂದು ಸಂಗತಿ ಹೇಳಲು ಇಟ್ಟುಕೊಂಡಿರಿ, ಇಲ್ಲದಿದ್ದರೆ ಮಾತು ‘ಮತ್ತೇನ?’ದಲ್ಲೇ ತಿರುಗುತ್ತದೆ. ಮನೆಯವರಿಗೂ ಒಂದು ಮಾತು: ಮೊದಲ ಅಳುವಿಗೇ ‘ಸೇರದಿದ್ರ ಬಂದಬಿಡು’ ಅನ್ನಬೇಡಿ. ಪ್ರೀತಿಯಿಂದಲೇ ಹೇಳಿರುತ್ತೀರಿ, ಆದರೆ ಮರುದಿನದಿಂದ ಮಕ್ಕಳು ಅದನ್ನೇ ಎಣಿಸುತ್ತ ಕೂರುತ್ತಾರೆ.

ಇನ್ನು ಊಟ. ದಿನಾ ಅನ್ನ, ಸಾರು ನೋಡಿ ರೊಟ್ಟಿ ಉಂಡ ನಾಲಿಗೆ ಮುಷ್ಕರ ಹೂಡುವುದು ಸಹಜ. ಊರಿಂದ ತರಲು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಗಿಂತ ಒಳ್ಳೆಯದಿಲ್ಲ, ಆದರೆ ಅರ್ಧ ಜನ ಇವನ್ನು ಕೆಡಿಸಿಕೊಳ್ಳುತ್ತಾರೆ. ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹುರಿಯಬೇಕು. ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಸಿಪ್ಪೆ ಉಜ್ಜಿ ತೆಗೆದು, ಹುರಿದ ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಜೀರಿಗೆ, ಮೂರು ಚಮಚ ಖಾರದಪುಡಿ, ಉಪ್ಪು ಹಾಕಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಳ್ಳುಳ್ಳಿ ಹಸಿಯಾಗಿದ್ದರೆ ಅದರ ನೀರಿನ ಅಂಶದಿಂದ ಬೇಗ ಕೆಡುತ್ತದೆ. ಬಿಸಿಯಿರುವಾಗಲೇ ಡಬ್ಬಿ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟಿ ಬೂಸ್ಟು ಬರುತ್ತದೆ. ಒಣ ಚಮಚ ಬಳಸಿದರೆ ಮೂರು ವಾರಕ್ಕೆ ಮೋಸವಿಲ್ಲ. ಅಗಸಿ ಚಟ್ನಿ ಕುಟ್ಟಿದ ಮೇಲೆ ಬೇಗ ಕಮಟು ಹಿಡಿಯುತ್ತದೆ, ಸ್ವಲ್ಪವೇ ತನ್ನಿ.

ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ. ಬೆಂಗಳೂರಿನ ಮಳೆಗಾಲದ ತಂಡಿಗೆ ಮೆತ್ತಗಾದರೆ ಬಿಸಿಲಿಗೆ ಒಂದು ತಾಸು ಹರವಿ. ಚಟ್ನಿಪುಡಿಯನ್ನು ಎರಡು ಡಬ್ಬಿ ಮಾಡಿ: ಒಂದು ರೂಮಿನವರಿಗೆಲ್ಲ ತೆರೆದಿಟ್ಟದ್ದು, ಇನ್ನೊಂದು ಟ್ರಂಕಿನ ತಳದಲ್ಲಿ. ತೆರೆದಿಟ್ಟದ್ದು ನಾಲ್ಕೇ ದಿನಕ್ಕೆ ಖಾಲಿಯಾಗುತ್ತದೆ, ಆಗಲಿ. ‘ಬರ್ರಿ, ಹೋಗ್ರಿ’ ಅಂದಾಗ ನಕ್ಕವರ ಮುಂದೆ ಬಾಯಿ ಬಿಡಲು ಹಿಂಜರಿಯುವ ಹುಡುಗನಿಗೆ, ಅವರೇ ಮೊಸರು ಹಿಡಿದು ಬಂದು ‘ಇನ್ನೊಂದು ಚಮಚ ಹಾಕೋ’ ಅಂದರೆ ಮಾತು ತಾನಾಗಿ ಶುರುವಾಗುತ್ತದೆ. ಭಾನುವಾರ ರಾತ್ರಿ ಎಷ್ಟೋ ಹಾಸ್ಟೆಲುಗಳಲ್ಲಿ ಊಟ ಇರುವುದಿಲ್ಲ. ಅವತ್ತು ಅದೇ ಗುಂಪು ಕಟ್ಟಿಕೊಂಡು ಗಾಂಧಿನಗರ, ರಾಜಾಜಿನಗರ ಕಡೆಯ ರೊಟ್ಟಿ ಊಟಕ್ಕೆ ಹೋಗಿ ಬನ್ನಿ.

ಬೆಳಿಗ್ಗೆ ಎದ್ದ ಕೂಡಲೇ, ಅದರಲ್ಲೂ ಸೋಮವಾರ, ಹೊಟ್ಟೆ ಕಿವುಚಿದರೆ ಅದು ಮನೆ ನೆನಪಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕ್ಲಾಸ್ ಅರ್ಥವಾಗುತ್ತಿಲ್ಲ, ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದನ್ನು ಮನೆ ನೆನಪು ಅಂತಲೇ ತಿಳಿದು ಊರಿಗೆ ಓಡುತ್ತಾರೆ, ಪಾಠ ಇನ್ನಷ್ಟು ಹಿಂದೆ ಬೀಳುತ್ತದೆ. ಮರುದಿನದ ಒಂದೇ ಒಂದು ವಿಷಯದ, ಬಹುಶಃ ಗಣಿತದ, ಎರಡು ಪುಟವನ್ನು ಹಿಂದಿನ ರಾತ್ರಿ ಓದಿ, ಗೊತ್ತಿಲ್ಲದ ಪದಗಳ ಅರ್ಥ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಎಲ್ಲ ವಿಷಯಕ್ಕೂ ಮಾಡಲು ಹೋದರೆ ಮೂರನೇ ದಿನಕ್ಕೆ ಬಿಡುತ್ತೀರಿ.

ಊರಿಗೆ ಮೊದಲ ಸಲ ಯಾವಾಗ ಹೋಗಬೇಕು? ನಾಲ್ಕು ವಾರ ಕಳೆಯಲಿ. ಪ್ರತಿ ಶನಿವಾರ ಹೋದರೆ ಭಾನುವಾರದ ಬೆಂಗಳೂರು ನಿಮಗೆ ಗೊತ್ತೇ ಆಗುವುದಿಲ್ಲ, ರೂಮಿನ ಗುಂಪು ನಿಮ್ಮನ್ನು ಬಿಟ್ಟು ಕಟ್ಟಿಕೊಂಡಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ಹಾಗಂತ ವಾರವಾರ ಊರಿಗೆ ಓಡುವ ಆಸೆಗೆ ಸ್ವಲ್ಪ ಬ್ರೇಕ್ ಹಾಕಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಶೇ. 85 ಹಾಜರಿ ಕೇಳುವುದೂ ನೆನಪಿರಲಿ. ಆದರೆ ತಾರೀಖು ಈಗಲೇ ಗೊತ್ತು ಮಾಡಿ, ಟಿಕೆಟ್ ಕೈಯಲ್ಲಿದ್ದರೆ ನಾಲ್ಕು ವಾರ ತಳ್ಳುವುದು ಸುಲಭ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿಗೆ ವಿಜಯಪುರದ ಕಡೆ ಹೋಗುವ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಬೇಕೆಂದರೆ ಅವತ್ತೇ ಮಾಡಿಸಿ. ತಡವಾದರೆ ಖಾಸಗಿ ಬಸ್ಸಿನವರು ಹಬ್ಬದ ರೇಟು ಹೇಳುತ್ತಾರೆ.

ಎರಡು ವಾರ ದಾಟಿದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕ್ಲಾಸಿಗೆ ಏಳಲಾಗುತ್ತಿಲ್ಲ ಅಂದರೆ ಚಟ್ನಿಪುಡಿಯಿಂದ ಆಗುವ ಕೆಲಸವಲ್ಲ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರೂಮಿನವರಿಗೋ ವಾರ್ಡನ್ನಿಗೋ ಅವತ್ತೇ ತಿಳಿಸಿ.

ದೀಪಾವಳಿ ಮುಗಿಸಿ ಬಂದ ಮೇಲೆ ಇದೆಲ್ಲ ಹೊಸದಾಗಿ ಶುರುವಾಗುತ್ತದೆ, ಎರಡು ಮೂರು ದಿನ. ಸೋಮವಾರ ನಸುಕಿನಲ್ಲಿ ರೈಲಿಳಿದು ನೇರ ಕ್ಲಾಸಿಗೆ ಓಡುವವರಿಗೆ ಇದು ಜೋರಾಗಿ ಹೊಡೆಯುತ್ತದೆ. ಶನಿವಾರ ರಾತ್ರಿಯೇ ಹತ್ತಿ ಭಾನುವಾರ ಬೆಳಿಗ್ಗೆ ಇಳಿಯಿರಿ, ಬಟ್ಟೆ ಒಗೆದುಕೊಂಡು, ಸಂಜೆ ಐದೂವರೆಗೆ ಯಾರಾದರೂ ಜೊತೆಗಿರುವಂತೆ ಮೊದಲೇ ಮೆಸೇಜ್ ಹಾಕಿಟ್ಟಿರಿ.