ಮುಡಿಯ ಮರೆಯಲ್ಲಿದ್ದ ದೇವಿ

ಪ್ರಾಚೀನ ಗ್ರೀಸಿನ ಸಿಕಿಯಾನ್ ಸೀಮೆಯಲ್ಲಿ ತಿತಾನೆ ಎಂಬ ಊರಿತ್ತು. ಅಲ್ಲಿನ ದೇಗುಲದಲ್ಲಿ ವೈದ್ಯದೇವ ಅಸ್ಕ್ಲೇಪಿಯಸನ ಜೊತೆಗೆ ಅವನ ಮಗಳು ಹೈಜಿಯಾಳ ವಿಗ್ರಹವೂ ಇತ್ತು. ಕ್ರಿ.ಶ. 2ನೆಯ ಶತಮಾನದಲ್ಲಿ ಅದನ್ನು ಕಂಡ ಪ್ರವಾಸಿ ಪೌಸಾನಿಯಸ್, ದೇವಿಯ ದರ್ಶನ ಅಲ್ಲಿ ಸುಲಭವಲ್ಲವೆಂದು ಬರೆದಿದ್ದಾನೆ. ಏಕೆಂದರೆ ಹೆಂಗಸರು ಕತ್ತರಿಸಿ ಅರ್ಪಿಸಿದ ಮುಡಿಯೂ ಬ್ಯಾಬಿಲೋನಿನ ವಸ್ತ್ರದ ಪಟ್ಟಿಗಳೂ ವಿಗ್ರಹವನ್ನು ಅಷ್ಟು ದಟ್ಟವಾಗಿ ಮುಚ್ಚಿಕೊಂಡಿದ್ದವು. ಮುಡಿ ಕೊಡುವ ಹರಕೆಯನ್ನು ನೋಡುತ್ತಲೇ ಬೆಳೆದ ನನಗೆ ಇದನ್ನು ಓದಿದಾಗ ಆ ದೇವಿ ಪರದೇಶದವಳೆನಿಸಲಿಲ್ಲ. ಕಲ್ಲಿನ ಮೈಗೆ ತೂಗಿಬಿದ್ದ ಒಂದೊಂದು ಕೂದಲ ಎಳೆಯ ಹಿಂದೆಯೂ ಜ್ವರದಿಂದ ಎದ್ದ ಮಗುವೋ, ಬದುಕಿ ಬಂದ ಬಾಣಂತಿಯೋ ಇದ್ದಿರಬೇಕು.

ಹೈಜಿಯಾ ಎಂದರೆ ಆರೋಗ್ಯ. ಹೆಸರೇ ಅವಳ ಸ್ವರೂಪ. ಅವಳ ಸೋದರಿ ಪನೇಶಿಯಾಳ ಹೆಸರಿಗೆ ಸರ್ವರೋಗಗಳ ಮದ್ದು ಎಂಬ ಅರ್ಥವಿದೆ. ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸನ ಹೆಸರಿನಲ್ಲಿರುವ ವೈದ್ಯರ ಪ್ರತಿಜ್ಞೆ ಅಪೋಲೋ ಮತ್ತು ಅಸ್ಕ್ಲೇಪಿಯಸರೊಂದಿಗೆ ಈ ಇಬ್ಬರನ್ನೂ ಸಾಕ್ಷಿಗೆ ಕರೆಯುತ್ತದೆ. ಮದ್ದಿನ ದೇವಿ ನೆನಪಾಗುವುದು ಕಾಯಿಲೆ ಬಂದ ಮೇಲೆ. ಹೈಜಿಯಾಳಾದರೋ ಮೈ ನೆಟ್ಟಗಿರುವ ದಿನಗಳಲ್ಲೇ ನಮ್ಮೊಡನಿರುವವಳು, ಆದ್ದರಿಂದಲೇ ಮರೆತುಹೋಗುವವಳು. ಶಿಲ್ಪಗಳಲ್ಲಿ ಅವಳ ಕೈಯಲ್ಲೊಂದು ಬಟ್ಟಲಿರುತ್ತದೆ, ತೋಳಿನ ಮೇಲೆ ಹಾವು ಹರಿದಿರುತ್ತದೆ. ಹಾವು ಬಟ್ಟಲಿಗೆ ಬಾಯಿಡುತ್ತದೆ, ಅವಳು ಬಟ್ಟಲನ್ನು ಅಲುಗಿಸದೆ ಹಿಡಿದಿರುತ್ತಾಳೆ. ಆ ಮುಖದಲ್ಲಿ ಅವಸರವಿಲ್ಲ. ಮನೆಯ ಪ್ರಾಣಿಗೆ ಹಾಲೆರೆಯುವ ಹೆಂಗಸಿನ ನೆಮ್ಮದಿಯಿದೆ.

ಅದೇ ಸಿಕಿಯಾನಿನ ಅರಿಫ್ರಾನ್ ಎಂಬ ಕವಿ ಕ್ರಿ.ಪೂ. 400ರ ಸುಮಾರಿಗೆ ಅವಳ ಮೇಲೊಂದು ಸ್ತುತಿ ರಚಿಸಿದ. ಸಿರಿ, ಮಕ್ಕಳು, ರಾಜ್ಯ, ಪ್ರೀತಿ ಇವುಗಳ ಸುಖವೆಲ್ಲ ನಿನ್ನಿಂದಲೇ ಅರಳುತ್ತದೆ, ನೀನಿಲ್ಲದೆ ಯಾರೂ ಸುಖಿಯಲ್ಲ ಎನ್ನುವ ಕವಿ ಅವಳಲ್ಲಿ ಬೇಡುವುದು ಒಂದನ್ನೇ: ಉಳಿದ ಆಯುಷ್ಯವನ್ನು ನಿನ್ನೊಡನೆ ಕಳೆಯುವಂತಾಗಲಿ, ನೀನೂ ಪ್ರಸನ್ನಳಾಗಿ ನನ್ನೊಡನೆ ವಾಸಿಸು. ಬಂದು ಕಾಪಾಡು ಎಂಬ ಮೊರೆ ಇದಲ್ಲ. ಮನೆಯಲ್ಲಿರುವವಳನ್ನು ಹೋಗಬೇಡವೆಂದು ಕೇಳಿಕೊಳ್ಳುವ ಮಾತು. ಇದಕ್ಕಿಂತ ವಿನಯದ ಪ್ರಾರ್ಥನೆಯನ್ನು ನಾನು ಹೆಚ್ಚು ಕಂಡಿಲ್ಲ.

ಎರಡು ತಿಂಗಳು ಹಾಸಿಗೆ ಹಿಡಿದಿದ್ದ ಅಮ್ಮ ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ನಡೆದು, ಮುಖ ತೊಳೆದು, ಕನ್ನಡಿಯ ಮುಂದೆ ಕುಳಿತು ಉದುರಿ ತೆಳುವಾದ ತಲೆಗೂದಲನ್ನು ತಾನೇ ಬಾಚಿಕೊಂಡಳು. ಹಣಿಗೆಯಲ್ಲಿ ಉಳಿದ ನಾಲ್ಕು ಎಳೆಗಳನ್ನು ಬಿಡಿಸುತ್ತ ನಾನು ತಿತಾನೆಯ ಆ ಹೆಂಗಸರನ್ನು ನೆನೆದೆ. ಇದ್ದುಬಿಡು ತಾಯಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.